ಹಿರಿಯ ಮಿದುಳಿಗೆ ಬೇಕಾದ ವ್ಯವಧಾನ

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸ್ಟೆಫನಿ ಬ್ರಾಸೆನ್ ಮತ್ತು ಸಂಗಡಿಗರು ಎಂಆರ್‌ಐ ಯಂತ್ರದೊಳಗೆ ಮಲಗಿದವರಿಗೆ ಒಂದು ಆಟ ಆಡಿಸಿದರು. ಪರದೆಯ ಮೇಲೆ ಸಾಲಾಗಿ ಎಂಟು ಪೆಟ್ಟಿಗೆಗಳು. ಏಳರಲ್ಲಿ ಹಣ, ಒಂದರಲ್ಲಿ ದೆವ್ವ. ಒಂದೊಂದೇ ಪೆಟ್ಟಿಗೆ ತೆರೆಯುತ್ತಾ ಹೋಗಬಹುದು, ಸಾಕೆನಿಸಿದಾಗ ನಿಲ್ಲಿಸಿ ಅಲ್ಲಿಯವರೆಗೆ ಸಿಕ್ಕಿದ್ದನ್ನು ಉಳಿಸಿಕೊಳ್ಳಬಹುದು. ದೆವ್ವ ಎದುರಾದರೆ ಆ ಸುತ್ತಿನ ಗಳಿಕೆಯೆಲ್ಲ ಹೋದಂತೆ. ಆಟದ ಮರ್ಮವಿರುವುದು ಮುಂದಿನ ಗಳಿಗೆಯಲ್ಲಿ. ನೀವು ನಿಲ್ಲಿಸಿದ ಕೂಡಲೇ ದೆವ್ವ ಎಲ್ಲಿ ಕುಳಿತಿತ್ತು ಎಂದು ತೋರಿಸಲಾಗುತ್ತದೆ. ಮೂರನೆಯ ಪೆಟ್ಟಿಗೆಗೆ ನಿಲ್ಲಿಸಿದಿರಿ, ದೆವ್ವ ಇದ್ದದ್ದು ಎಂಟನೆಯದರಲ್ಲಿ. ಇನ್ನೂ ನಾಲ್ಕು ಪೆಟ್ಟಿಗೆ ನಿರಾತಂಕವಾಗಿ ತೆರೆಯಬಹುದಿತ್ತು. ಛೆ!

ಆ 'ಛೆ' ಎಂಬ ಭಾವ ಮಿದುಳಿನಲ್ಲಿ ಏನು ಮಾಡುತ್ತದೆ ಎಂಬುದನ್ನೇ ಅವರು ನೋಡಬೇಕಿತ್ತು. ಆಡಿದವರಲ್ಲಿ ಮೂರು ಗುಂಪು: ಯುವಕರು, ಆರೋಗ್ಯವಂತ ಹಿರಿಯರು, ಖಿನ್ನತೆಯಿಂದ ಬಳಲುವ ಹಿರಿಯರು. ಕೈತಪ್ಪಿದ ಅವಕಾಶವನ್ನು ಕಂಡ ಮೇಲೆ ಯುವಕರು ಮುಂದಿನ ಸುತ್ತಿನಲ್ಲಿ ಹೆಚ್ಚು ಅಪಾಯಕ್ಕೆ ಕೈಹಾಕಿದರು. ಖಿನ್ನರಾದ ಹಿರಿಯರೂ ಹಾಗೆಯೇ ಮಾಡಿದರು. ಆರೋಗ್ಯವಂತ ಹಿರಿಯರು ಮಾತ್ರ ತಮ್ಮ ಲಯ ಬಿಡಲಿಲ್ಲ. ಲಾಭನಷ್ಟಕ್ಕೆ ಸ್ಪಂದಿಸುವ ವೆಂಟ್ರಲ್ ಸ್ಟ್ರಯಾಟಮ್ ಎಂಬ ಒಳಭಾಗದ ಚಟುವಟಿಕೆ ಯುವಕರಲ್ಲೂ ಖಿನ್ನ ಹಿರಿಯರಲ್ಲೂ ನಿಜವಾದ ನಷ್ಟಕ್ಕೂ ತಪ್ಪಿದ ಲಾಭಕ್ಕೂ ಒಂದೇ ರೀತಿ ಕುಗ್ಗಿತು. ಆರೋಗ್ಯವಂತ ಹಿರಿಯರಲ್ಲಿ ಅದು ಕುಗ್ಗಿದ್ದು ನಿಜವಾದ ನಷ್ಟಕ್ಕೆ ಮಾತ್ರ. ಹೋದದ್ದು ಹೋಯಿತು ಎಂದು ಬಿಡುವುದು ಅವರಿಗೆ ಸಾಧ್ಯವಾಗಿತ್ತು. 2012ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಈ ಅಧ್ಯಯನವನ್ನು ನಾನು ಮೊದಲಿಗೆ ಇಡುತ್ತಿರುವುದಕ್ಕೆ ಕಾರಣವಿದೆ. ವಯಸ್ಸಾದವರ ಭಾವನೆ ಮತ್ತು ತೀರ್ಮಾನಗಳ ಬಗ್ಗೆ ಕಳೆದ ಎರಡು ದಶಕಗಳಲ್ಲಿ ನಡೆದ ಮಿದುಳು ಚಿತ್ರಣದ ಸಂಶೋಧನೆಯನ್ನೆಲ್ಲ ಕಾಡಿದ ಪ್ರಶ್ನೆ ಇದರಲ್ಲಿ ಅಡಕವಾಗಿದೆ: ಹಿರಿಯರ ಈ ಸಮಾಧಾನ ಮಿದುಳಿನ ಸವೆತದಿಂದ ಬಂದದ್ದೋ, ಬದುಕಿ ಗಳಿಸಿದ್ದೋ?

ಪ್ರಶ್ನೆ ಹುಟ್ಟಿದ್ದು ಸ್ಕ್ಯಾನರ್‌ನಿಂದಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್ಸ್ಟೆನ್ಸನ್ 1990ರ ದಶಕದಲ್ಲಿ ಒಂದು ವಾದ ಮುಂದಿಟ್ಟರು. ಮುಂದೆ ಉಳಿದಿರುವ ಕಾಲ ಕಡಿಮೆ ಎಂದು ಅನಿಸತೊಡಗಿದಂತೆ ಮನುಷ್ಯರ ಆದ್ಯತೆಗಳು ಬದಲಾಗುತ್ತವೆ, ಹೊಸ ಪರಿಚಯ ಹೊಸ ಮಾಹಿತಿಗಳ ಬೆನ್ನು ಹತ್ತುವುದನ್ನು ಬಿಟ್ಟು ಆಪ್ತರ ಜೊತೆಗೆ, ಮನಸ್ಸಿಗೆ ಹಿತವಾದದ್ದರ ಕಡೆಗೆ ತಿರುಗುತ್ತಾರೆ ಎಂಬುದು ಅದರ ಸಾರ. ಇದು ವಯಸ್ಸಿನ ಮಾತಾಗಿರದೆ ಕಾಲದ ಅರಿವಿನ ಮಾತು ಎಂಬುದಕ್ಕೆ ಒಳ್ಳೆಯ ಸಾಕ್ಷ್ಯ ಸಿಕ್ಕಿದ್ದು ಹಾಂಗ್‌ಕಾಂಗ್‌ನಲ್ಲಿ. 1997ರಲ್ಲಿ ಆ ನಗರ ಬ್ರಿಟನ್ನಿನಿಂದ ಚೀನಾಕ್ಕೆ ಹಸ್ತಾಂತರವಾಗುವ ಮುನ್ನ ಅಲ್ಲಿನ ಯುವಕರೂ ವೃದ್ಧರಂತೆಯೇ ಹೊಸಬರಿಗಿಂತ ಹಳೆಯ ಆಪ್ತರನ್ನೇ ಬಯಸುತ್ತಿದ್ದರು. ಒಂದು ಯುಗ ಮುಗಿಯುತ್ತಿದೆ ಎಂಬ ಭಾವ ಎಲ್ಲರಲ್ಲೂ ಇತ್ತು. ವರ್ಷ ಕಳೆದು ಬದುಕು ಹಳಿಗೆ ಬಂದಾಗ ಯುವಕರು ಮತ್ತೆ ಯುವಕರಂತಾದರು. ಹೆಲೆನ್ ಫಂಗ್ ಮತ್ತು ಕಾರ್ಸ್ಟೆನ್ಸನ್ ಅವರ ಈ ಅಧ್ಯಯನದಲ್ಲಿ ಯಾವ ಯಂತ್ರವೂ ಇರಲಿಲ್ಲ, ಇದ್ದದ್ದು ಸರಿಯಾದ ಸಮಯಕ್ಕೆ ಕೇಳಿದ ಸರಿಯಾದ ಪ್ರಶ್ನೆ.

ಸ್ಕ್ಯಾನರ್ ಕಣಕ್ಕಿಳಿದದ್ದು 2004ರಲ್ಲಿ. ಮಾರಾ ಮ್ಯಾಥರ್ ಮತ್ತು ಸಂಗಡಿಗರು ಯುವಕರಿಗೂ ಹಿರಿಯರಿಗೂ ಹಿತವಾದ, ಅಹಿತವಾದ, ಎರಡೂ ಅಲ್ಲದ ಚಿತ್ರಗಳನ್ನು ತೋರಿಸಿ ಅಮಿಗ್ಡಲವನ್ನು ಗಮನಿಸಿದರು. ಕಿವಿಯ ನೇರಕ್ಕೆ ಮಿದುಳಿನ ಆಳದಲ್ಲಿರುವ ಬಾದಾಮಿ ಗಾತ್ರದ ಈ ಭಾಗ ಭಾವನೆಗೆ ಸಂಬಂಧಿಸಿದ್ದೆಲ್ಲದಕ್ಕೂ ಚುರುಕಾಗುತ್ತದೆ. ಭಾವನೆ ಕೆರಳಿಸುವ ಚಿತ್ರಗಳಿಗೆ ಎರಡೂ ಗುಂಪಿನವರಲ್ಲಿ ಅದು ಚುರುಕಾಯಿತು. ಆದರೆ ಹಿರಿಯರಲ್ಲಿ ಹಿತವಾದ ಚಿತ್ರಗಳಿಗೆ ಸಿಕ್ಕ ಸ್ಪಂದನ ಅಹಿತವಾದವುಗಳಿಗೆ ಸಿಗಲಿಲ್ಲ. ಯುವಕರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಒಳ್ಳೆಯದನ್ನು ಹೆಚ್ಚು ಗಮನಿಸುವ, ಹೆಚ್ಚು ನೆನಪಿಡುವ ಹಿರಿಯರ ಈ ಒಲವು ಆಮೇಲೆ ನೂರಾರು ಪ್ರಯೋಗಗಳ ವಸ್ತುವಾಯಿತು. 2014ರಲ್ಲಿ ನೂರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದಾಗಲೂ ಒಲವು ಇದೆ ಎಂಬುದು ಗಟ್ಟಿಯಾಯಿತು. ಇದನ್ನು ನೋಡಿ, ಅದನ್ನು ನೆನಪಿಡಿ ಎಂಬ ಕಟ್ಟುಪಾಡಿಲ್ಲದೆ ಜನ ತಮ್ಮಿಷ್ಟದಂತೆ ನೋಡುವಾಗ ಅದು ಹೆಚ್ಚು ಎದ್ದು ಕಾಣುತ್ತದೆ ಎಂಬುದೂ ತಿಳಿಯಿತು.

ಇಲ್ಲಿಂದ ಜಗಳ ಶುರು. ಜಾನ್ ಕಾಸಿಯೊಪೊ ಮತ್ತಿತರರು ಇದನ್ನು ಸರಳವಾಗಿ ವಿವರಿಸಿದರು: ವಯಸ್ಸಾದಂತೆ ಅಮಿಗ್ಡಲ ಅಹಿತದ ಸೂಚನೆಗೆ ಮಂದವಾಗುತ್ತದೆ, ಅಷ್ಟೆ. ಮ್ಯಾಥರ್ ಬಣದ ವಾದ ಬೇರೆ. ಹಣೆಯ ಹಿಂದಿರುವ ಪ್ರೀಫ್ರಂಟಲ್ ಕಾರ್ಟೆಕ್ಸ್ ಅಮಿಗ್ಡಲವನ್ನು ಹಿಡಿತದಲ್ಲಿ ಇಟ್ಟುಕೊಳ್ಳುತ್ತದೆ, ಹಿರಿಯರು ಆ ಹಿಡಿತವನ್ನು ಮನಸ್ಸಿನ ನೆಮ್ಮದಿಗಾಗಿ ಹೆಚ್ಚು ಬಳಸುತ್ತಾರೆ ಎಂಬುದು ಅವರ ನಿಲುವು. ಯಾವುದು ಸರಿ ಎಂಬುದಕ್ಕೆ ಸುಳಿವು ಕೊಡುವ, ಮ್ಯಾಥರ್ ಮತ್ತು ಮರಿಸಾ ನೈಟ್ ಹೂಡಿದ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. ಚಿತ್ರಗಳನ್ನು ನೋಡುತ್ತಿರುವಾಗಲೇ ಹಿರಿಯರ ಕಿವಿಗೆ ಒಂದಷ್ಟು ಶಬ್ದಗಳನ್ನು ಕೇಳಿಸಿ, ಅವುಗಳ ಮೇಲೂ ನಿಗಾ ಇಡಲು ಹೇಳಿದರು. ಅಮಿಗ್ಡಲ ಬರೀ ಮಂದವಾಗಿದ್ದರೆ ಈ ಅಡಚಣೆಯಿಂದ ಏನೂ ಬದಲಾಗಬಾರದು. ಆದರೆ ಗಮನ ಹರಿದು ಹಂಚಿಹೋದೊಡನೆ ಹಿರಿಯರಲ್ಲಿ ಒಳ್ಳೆಯದರ ಕಡೆಗಿನ ಒಲವು ಮಾಯವಾಯಿತು, ತಿರುಗುಮುರುಗೂ ಆಯಿತು. 2005ರ ಈ ಫಲಿತಾಂಶ ಹೇಳುವುದಿಷ್ಟು: ಆ ಸಮಾಧಾನಕ್ಕೆ ಮಿದುಳು ದುಡಿಯಬೇಕು, ದುಡಿಯಲು ಅದಕ್ಕೆ ಬಿಡುವು ಬೇಕು.

ಹ್ಯಾಂಬರ್ಗ್‌ನ ಖಿನ್ನ ಹಿರಿಯರೂ ಇದೇ ಕಡೆಗೆ ಬೊಟ್ಟು ಮಾಡುತ್ತಾರೆ. ವಯಸ್ಸೊಂದೇ ಕಾರಣವಾಗಿದ್ದರೆ ಅವರ ಮಿದುಳೂ ಪಶ್ಚಾತ್ತಾಪಕ್ಕೆ ಮಂದವಾಗಬೇಕಿತ್ತು. ಹಾಗಾಗಲಿಲ್ಲ. ಹಾಗೆಂದು ಸವೆತವೇ ಇಲ್ಲ ಎನ್ನಲೂ ಆಗದು. ಹಿರಿಯರ ಸ್ಕ್ಯಾನ್‌ಗಳಲ್ಲಿ ಮಿದುಳಿನ ಹಿಂಭಾಗದ ಚಟುವಟಿಕೆ ತಗ್ಗಿ ಮುಂಭಾಗದ್ದು ಹೆಚ್ಚುವುದು ಎಷ್ಟೋ ಬಗೆಯ ಕೆಲಸಗಳಲ್ಲಿ, ಭಾವನೆಯ ಸೋಂಕೇ ಇಲ್ಲದ ಲೆಕ್ಕಾಚಾರದಲ್ಲೂ ಕಾಣುತ್ತದೆ. ಮುಂಭಾಗ ಬೆಳಗಿತು ಎಂದ ಮಾತ್ರಕ್ಕೆ ಅದು ಭಾವನೆಯ ಲಗಾಮು ಹಿಡಿದಿದೆ ಎಂದು ಓದುವುದು ಅವಸರದ ಓದು. ಹಿಡಿತದ ವಾದದ ಕಡೆಗೆ ನಾನು ವಾಲಿದ್ದರೂ ಅದು ಮುಖ್ಯವಾಗಿ ಕಿವಿಗೆ ಶಬ್ದ ಕೇಳಿಸಿದ ಆ ಪ್ರಯೋಗದಿಂದ. ಸ್ಕ್ಯಾನ್ ಚಿತ್ರಗಳಿಂದ ಅಷ್ಟಾಗಿ ಅಲ್ಲ.

ಹಣದ ವಿಷಯಕ್ಕೆ ಬಂದರೆ ಚಿತ್ರ ಇನ್ನಷ್ಟು ಸಿಕ್ಕುಸಿಕ್ಕಾಗುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲೇ ಬ್ರಯಾನ್ ನಟ್ಸನ್ ರೂಪಿಸಿದ ಒಂದು ಪರೀಕ್ಷೆಯಿದೆ. ಪರದೆಯ ಮೇಲೆ ಮೊದಲು ಒಂದು ಗುರುತು ಬರುತ್ತದೆ. ಈಗ ಇಷ್ಟು ಡಾಲರ್ ಗೆಲ್ಲಬಹುದು, ಅಥವಾ ಇಷ್ಟು ಕಳೆದುಕೊಳ್ಳಬಹುದು ಎಂದು ಅದರ ಅರ್ಥ. ಸ್ವಲ್ಪ ಹೊತ್ತು ಕಾದು, ಇನ್ನೊಂದು ಗುರುತು ಕಂಡ ತಕ್ಷಣ ಗುಂಡಿ ಒತ್ತಬೇಕು. ಆ ಕಾಯುವ ಕ್ಷಣಗಳಲ್ಲಿ ಮಿದುಳು ಏನು ಮಾಡುತ್ತದೆ? ಗ್ರೆಗರಿ ಸಮನೆಜ್-ಲಾರ್ಕಿನ್ ಮತ್ತು ನಟ್ಸನ್ 2007ರಲ್ಲಿ ಕಂಡದ್ದು ಇದು: ಗೆಲ್ಲುವ ನಿರೀಕ್ಷೆಯಲ್ಲಿ ಹಿರಿಯರ ಮಿದುಳು ಯುವಕರಷ್ಟೇ ಗರಿಗೆದರುತ್ತದೆ. ಕಳೆದುಕೊಳ್ಳುವ ನಿರೀಕ್ಷೆಯಲ್ಲಿ ಮಾತ್ರ ಇನ್ಸುಲಾ ಮತ್ತು ಕಾಡೇಟ್ ಎಂಬ ಭಾಗಗಳ ಸ್ಪಂದನ ಕಡಿಮೆ. ನಷ್ಟವಾದ ಮೇಲೆ ನೋವಿಲ್ಲ ಎಂದೇನೂ ಅಲ್ಲ, ಆಗುವ ಮುಂಚಿನ ದಿಗಿಲು ಕಡಿಮೆ. ಇನ್ಸುಲಾ ಎಂಬುದು ಮಿದುಳಿನ ಮಡಿಕೆಯೊಳಗೆ ಹುದುಗಿರುವ ಭಾಗ. ಹೊಟ್ಟೆ ತೊಳಸುವುದು, ಎದೆ ಹೊಡೆದುಕೊಳ್ಳುವುದು, ಏನೋ ಸರಿಯಿಲ್ಲ ಎಂದು ಒಳಗಿನಿಂದಲೇ ತಿಳಿಯುವುದು, ಇವುಗಳಲ್ಲಿ ಅದರ ಪಾತ್ರ ದೊಡ್ಡದು. ಅದರ ಹೆಸರು ಮುಂದೆ ಮತ್ತೆ ಬರುತ್ತದೆ.

ಅದೇ ತಂಡ ಮೂರು ವರ್ಷದ ನಂತರ ಶೇರು ಮತ್ತು ಬಾಂಡುಗಳ ನಡುವೆ ಆಯ್ಕೆ ಮಾಡುವ ಆಟ ಆಡಿಸಿತು. ಯಾವ ಶೇರು ಒಳ್ಳೆಯದೆಂದು ಫಲಿತಾಂಶ ನೋಡುತ್ತಾ ಕಲಿಯಬೇಕು. ಹಿರಿಯರು ಅಪಾಯದ ಕಡೆಗೆ ಹೆಚ್ಚು ತಪ್ಪಿದರು. ಹಿರಿಯರು ಅಂಜುಬುರುಕರು ಎಂಬ ಸಾಮಾನ್ಯ ತಿಳಿವಳಿಕೆಗೆ ಇದು ವಿರುದ್ಧ. ವೆಂಟ್ರಲ್ ಸ್ಟ್ರಯಾಟಮ್‌ನ ಭಾಗವಾದ ಅವರ ನ್ಯೂಕ್ಲಿಯಸ್ ಅಕ್ಯುಂಬೆನ್ಸ್‌ನ ಸಂಕೇತದಲ್ಲಿ ಗೊಂದಲ ಹೆಚ್ಚಿತ್ತು, ಏರಿಳಿತ ನಿಯತವಾಗಿರಲಿಲ್ಲ. ಹಿರಿಯರಿಗೆ ಆಸೆ ಹೆಚ್ಚು ಎಂದಾಗಲಿ ಹೆದರಿಕೆ ಹೆಚ್ಚು ಎಂದಾಗಲಿ ಅದರ ಅರ್ಥವಲ್ಲ. ಹೊಸ ಸನ್ನಿವೇಶದಲ್ಲಿ ಅನುಭವದಿಂದ ಬೇಗ ಬೇಗ ಕಲಿಯುವ ಯಂತ್ರಾಂಗ ಸಡಿಲವಾಗಿದೆ. ಇದರ ಹಿಂದೆ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕದ ವ್ಯವಸ್ಥೆ ವಯಸ್ಸಿನೊಡನೆ ಕ್ಷೀಣಿಸುವುದಿದೆ. ಲಂಡನ್ನಿನಲ್ಲಿ ರುಮಾನಾ ಚೌಧುರಿ ಮತ್ತು ಸಂಗಡಿಗರು 2013ರಲ್ಲಿ, ಪಾರ್ಕಿನ್ಸನ್ ರೋಗಿಗಳಿಗೆ ಕೊಡುವ ಎಲ್-ಡೋಪಾವನ್ನು ಆರೋಗ್ಯವಂತ ಹಿರಿಯರಿಗೆ ಕೊಟ್ಟು ನೋಡಿದಾಗ, ಕೆಲವರಲ್ಲಿ ಆ ಕಲಿಕೆಯ ಸಂಕೇತ ಯುವಕರ ಮಟ್ಟಕ್ಕೆ ಮರಳಿತು. ಇದು ಔಷಧಿ ಸಲಹೆಯಲ್ಲ, ಯಾರೂ ಹಾಗೆ ಓದಬಾರದು. ಕುಂದಿದ್ದು ಬುದ್ಧಿಯೋ ಗುಣವೋ ಆಗಿರದೆ ಒಂದು ರಾಸಾಯನಿಕದ ಪೂರೈಕೆಯೂ ಇರಬಹುದು ಎಂಬುದಕ್ಕೆ ಸಾಕ್ಷಿ, ಅಷ್ಟೆ.

ಇನ್ನೊಂದು ಬದಿಯೂ ಇದೆ. ತಕ್ಷಣ ಸಿಗುವ ಸಣ್ಣ ಮೊತ್ತ ಬೇಕೋ ಕಾದರೆ ಸಿಗುವ ದೊಡ್ಡ ಮೊತ್ತ ಬೇಕೋ ಎಂದು ಕೇಳಿದಾಗ, ತಡವಾಗಿ ಬರುವ ಹಣಕ್ಕೂ ಹಿರಿಯರ ಸ್ಟ್ರಯಾಟಮ್ ಚೆನ್ನಾಗಿಯೇ ಸ್ಪಂದಿಸುತ್ತದೆ. ಯುವಕರದು 'ಈಗಲೇ' ಎಂಬುದಕ್ಕೆ ಹಾತೊರೆಯುತ್ತದೆ. ಅಮೆರಿಕದ ಸಾಲದ ದಾಖಲೆಗಳನ್ನು ಅಧ್ಯಯನ ಮಾಡಿದ ಸುಮಿತ್ ಅಗರ್‌ವಾಲ್ ಮತ್ತಿತರ ಅರ್ಥಶಾಸ್ತ್ರಜ್ಞರು 2009ರಲ್ಲಿ, ಬಡ್ಡಿ ಮತ್ತು ಶುಲ್ಕದ ತಪ್ಪುಗಳು ಅತಿ ಕಡಿಮೆ ಇರುವುದು ಸುಮಾರು 53ರ ವಯಸ್ಸಿನಲ್ಲಿ ಎಂದರು. ಚುರುಕು ಇಳಿಯತೊಡಗಿದ್ದರೂ ಅನುಭವ ಇನ್ನೂ ಏರುತ್ತಿರುವ ಹಂತವದು. ನಮ್ಮಲ್ಲಿ ಅರವತ್ತಕ್ಕೆ ಅರಳುಮರಳು ಎಂದು ಎಲ್ಲ ಹಿರಿಯರನ್ನೂ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಸಂಶೋಧನೆ ಒತ್ತಿ ಹೇಳುವುದೇ ಹಿರಿಯರು ಒಬ್ಬರಿಗಿಂತ ಒಬ್ಬರು ಎಷ್ಟು ಭಿನ್ನ ಎಂಬುದನ್ನು. ಅಯೋವಾ ವಿಶ್ವವಿದ್ಯಾಲಯದ ಇಸ್ಪೀಟಿನ ಪರೀಕ್ಷೆಯಲ್ಲಿ ನಾಲ್ಕು ಕಟ್ಟುಗಳಿರುತ್ತವೆ. ಎರಡು ಕಟ್ಟು ಪ್ರತಿ ಎಲೆಗೂ ದೊಡ್ಡ ಮೊತ್ತ ಕೊಟ್ಟು ನಡುನಡುವೆ ಅದಕ್ಕಿಂತ ದೊಡ್ಡ ದಂಡ ಹಾಕುತ್ತವೆ, ಇನ್ನೆರಡು ಅಲ್ಪ ಕೊಟ್ಟು ಅಲ್ಪ ಕಿತ್ತುಕೊಳ್ಳುತ್ತವೆ. ನಟಾಲಿ ಡೆನ್‌ಬರ್ಗ್ ಅಲ್ಲಿ ಆರೋಗ್ಯವಂತ ಹಿರಿಯರನ್ನು ಪರೀಕ್ಷಿಸಿದಾಗ ಹಲವರು ಯುವಕರಷ್ಟೇ ಚೆನ್ನಾಗಿ ಆಡಿದರು. ಗಣನೀಯ ಪಾಲಿನ ಜನ ಮಾತ್ರ ಕೆಟ್ಟ ಕಟ್ಟುಗಳಿಗೇ ಜೋತುಬಿದ್ದರು. ಮೋಸದ ಜಾಹೀರಾತು ತೋರಿಸಿದಾಗ ಹೆಚ್ಚು ನಂಬಿದವರೂ ಅವರೇ. ನೆನಪಿನ ಶಕ್ತಿ, ಮಾತು, ನಡವಳಿಕೆ ಯಾವುದರಲ್ಲೂ ಹೊರಗಿನಿಂದ ಅವರನ್ನು ಗುರುತಿಸುವಂತಿರಲಿಲ್ಲ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಈ ಸಂಶೋಧನೆ ನಮ್ಮ ಮನೆಗಳಿಗೆ ನೇರವಾಗಿ ತಾಗುವುದು ನಂಬಿಕೆ ಮತ್ತು ವಂಚನೆಯ ವಿಷಯದಲ್ಲೇ.

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶೆಲ್ಲಿ ಟೇಲರ್ ತಂಡ 2012ರಲ್ಲಿ ಹಿರಿಯರಿಗೂ ಯುವಕರಿಗೂ ಮುಖಗಳ ಚಿತ್ರ ತೋರಿಸಿ, ಇವರನ್ನು ಎಷ್ಟು ನಂಬಬಹುದು ಎಂದು ಕೇಳಿತು. ನಂಬಿಕೆಗೆ ಅರ್ಹ ಎನಿಸುವ ಮುಖಗಳ ಬಗ್ಗೆ ಇಬ್ಬರ ಅಭಿಪ್ರಾಯವೂ ಒಂದೇ. ಸಂಶಯ ಹುಟ್ಟಿಸುವ ಮುಖಗಳನ್ನು ಹಿರಿಯರು ಯುವಕರಿಗಿಂತ ಹೆಚ್ಚು ನಂಬಿದರು. ಸ್ಕ್ಯಾನ್‌ನಲ್ಲಿ ಇನ್ಸುಲಾದ ಮುಂಭಾಗದ ಸ್ಪಂದನ ಅವರಲ್ಲಿ ಕಡಿಮೆ ಇತ್ತು. 2017ರಲ್ಲಿ ನೇಥನ್ ಸ್ಪ್ರೆಂಗ್ ತಂಡ ನಿಜವಾಗಿಯೂ ಹಣ ಕಳೆದುಕೊಂಡ 13 ಹಿರಿಯರನ್ನೂ, ವಂಚನೆಯ ಬಲೆ ಬೀಸಿದ್ದರೂ ಪಾರಾದ 13 ಮಂದಿಯನ್ನೂ ಹೋಲಿಸಿತು. ಮೋಸಹೋದವರಲ್ಲಿ ಇನ್ಸುಲಾದ ಹೊರಪದರ ತೆಳ್ಳಗಿತ್ತು. ನಟ್ಸನ್ ಅವರ ಪರೀಕ್ಷೆಯನ್ನೂ ಸೇರಿಸಿದರೆ ಮೂರು ಅಧ್ಯಯನಗಳು, ಮೂರು ಬೇರೆ ಪ್ರಶ್ನೆಗಳು, ಎಲ್ಲದರಲ್ಲೂ ಬರುವುದು ಅದೇ ಭಾಗ. ಅಪಾಯ ಬರುವ ಮುಂಚೆ ಒಳಗಿನಿಂದ ಕೂಗಬೇಕಾದ ದನಿ ಕೆಲವು ಹಿರಿಯರಲ್ಲಿ ಸಣ್ಣದಾಗಿದೆ ಎಂದು ಇವು ಒಟ್ಟಾಗಿ ಸೂಚಿಸುತ್ತವೆ.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಷಿಕಾಗೋದ ರಷ್ ವಿಶ್ವವಿದ್ಯಾಲಯದಿಂದ ಬಂತು, ಅದೂ ಸ್ಕ್ಯಾನರ್ ಇಲ್ಲದೆ. ಪ್ಯಾಟ್ರೀಷಿಯಾ ಬಾಯ್ಲ್ ತಂಡ ಮರೆವಿನ ಕಾಯಿಲೆ ಇಲ್ಲದ 935 ಹಿರಿಯರಿಗೆ ಐದು ಸರಳ ಹೇಳಿಕೆಗಳನ್ನು ಕೊಟ್ಟಿತು. ಯಾರೆಂದು ತಿಳಿಯದಿದ್ದರೂ ಫೋನ್ ಬಡಿದುಕೊಂಡಾಗಲೆಲ್ಲ ಎತ್ತುತ್ತೇನೆ. ಮಾರಾಟಗಾರ ಕರೆ ಮಾಡಿದರೆ ಅವನ ಮಾತು ಪೂರ್ತಿ ಕೇಳುತ್ತೇನೆ. ಗುರುತಿಲ್ಲದವರ ಕರೆಯನ್ನೂ ನಡುವೆ ಕತ್ತರಿಸಲು ನನಗೆ ಕಷ್ಟ. ಹೀಗೆ. ಪ್ರತಿಯೊಂದನ್ನೂ ಎಷ್ಟರ ಮಟ್ಟಿಗೆ ಒಪ್ಪುತ್ತೀರಿ ಎಂದಷ್ಟೇ ಉತ್ತರ. ಸುಮಾರು ಆರು ವರ್ಷ ಗಮನಿಸಿದಾಗ 151 ಮಂದಿಗೆ ಆಲ್‌ಝೈಮರ್ ಮರೆವು ಬಂತು. ವಂಚನೆಯ ಬಗ್ಗೆ ಎಚ್ಚರ ಕಡಿಮೆ ಇದ್ದವರಲ್ಲಿ ಅದು ಬರುವ ಸಂಭವ ಹೆಚ್ಚಿತ್ತು. ತೀರಿಕೊಂಡವರ ಮಿದುಳನ್ನು ಪರೀಕ್ಷಿಸಿದಾಗ ಎಚ್ಚರ ಕಡಿಮೆ ಇದ್ದವರಲ್ಲಿ ಆ ಕಾಯಿಲೆಗೆ ನಂಟಿರುವ ಅಮಿಲಾಯ್ಡ್ ಎಂಬ ಪ್ರೋಟೀನ್ ಹೆಚ್ಚು ಶೇಖರವಾಗಿತ್ತು. 2020ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನ ಅಮೆರಿಕದ 80,000ಕ್ಕೂ ಹೆಚ್ಚು ಹಿರಿಯರ ಸಾಲದ ದಾಖಲೆ ಜಾಲಾಡಿತು. ಮರೆವಿನ ಕಾಯಿಲೆ ಪತ್ತೆಯಾಗುವ ಆರು ವರ್ಷ ಮುಂಚಿನಿಂದಲೇ ಬಿಲ್ ಕಟ್ಟುವುದು ತಪ್ಪತೊಡಗಿತ್ತು.

ಮೋಸಹೋದ ಹಿರಿಯರಿಗೆಲ್ಲ ಮರೆವು ಕಾದಿದೆ ಎಂದು ಇದರಿಂದ ತೀರ್ಮಾನಿಸಬಾರದು. ಎಷ್ಟೋ ಜನ ಯುವಕರೂ ಮೋಸಹೋಗುತ್ತಾರೆ. ಆದರೆ ಹಣದ ವಿಷಯದಲ್ಲಿ ಹೊಸದಾಗಿ ಕಾಣುವ ಎಡವಟ್ಟು ಒಂದು ಆರೋಗ್ಯದ ಸುದ್ದಿಯೂ ಆಗಿರಬಹುದು ಎಂಬುದನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು. ಹಣ ಕಳೆದುಕೊಂಡ ತಂದೆಗೆ ಮಕ್ಕಳು ಮೊದಲು ಮಾಡುವುದು ಗದರಿಕೆ. "ಅಷ್ಟು ಓದಿದವರು, ಬ್ಯಾಂಕಿನಲ್ಲಿ ದುಡಿದವರು, ಹೀಗೆ ಮಾಡೋದಾ ಅಪ್ಪ?" ಆಮೇಲೆ ಅಪ್ಪ ಮುಂದಿನ ಕರೆಯ ಬಗ್ಗೆ ಬಾಯಿ ಬಿಡುವುದಿಲ್ಲ. ವೈದ್ಯರ ಬಳಿ ಹೋಗಬೇಕಾದ ಮಾತು ಮನೆಯ ಅವಮಾನವಾಗಿ ಮುಚ್ಚಿಹೋಗುತ್ತದೆ. ನನ್ನನ್ನು ಈ ವಿಷಯದ ಬಗ್ಗೆ ಬರೆಯಲು ಹಚ್ಚಿದ್ದು ಈ ಮೌನವೇ.

ಡಿಜಿಟಲ್ ಅರೆಸ್ಟ್ ಎಂಬ ಹೆಸರಿನ ದಂಧೆಯನ್ನು ಈ ಸಂಶೋಧನೆಯ ಬೆಳಕಿನಲ್ಲಿ ನೋಡಿದರೆ ಅದು ಎಷ್ಟು ಲೆಕ್ಕಹಾಕಿದ ಕೆಲಸ ಎಂಬುದು ತಿಳಿಯುತ್ತದೆ. ಪೊಲೀಸ್ ಸಮವಸ್ತ್ರದವನೊಬ್ಬ ವಿಡಿಯೊ ಕರೆಯಲ್ಲಿ ಪ್ರತ್ಯಕ್ಷನಾಗಿ, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ ಎನ್ನುತ್ತಾನೆ. ಕರೆ ಕತ್ತರಿಸುವಂತಿಲ್ಲ, ಕ್ಯಾಮೆರಾ ಆರಿಸುವಂತಿಲ್ಲ, ಮಕ್ಕಳಿಗೆ ಹೇಳುವಂತಿಲ್ಲ. ಗಂಟೆಗಟ್ಟಲೆ, ಕೆಲವರಿಗೆ ದಿನಗಟ್ಟಲೆ ಇದೇ ಗೋಳು. ಕ್ಯಾಲಿಫೋರ್ನಿಯಾದ ಸೂಸನ್ ಚಾರ್ಲ್ಸ್ 2010ರಲ್ಲೇ ಒಂದು ಎಚ್ಚರಿಕೆಯ ಮಾತು ಹೇಳಿದ್ದರು: ಹಿರಿಯರು ಉದ್ವೇಗದ ಸನ್ನಿವೇಶವನ್ನು ತಪ್ಪಿಸಿಕೊಳ್ಳುವುದರಲ್ಲಿ, ಬೇಗ ತಣ್ಣಗಾಗಿಸುವುದರಲ್ಲಿ ಗಟ್ಟಿಗರು. ಆದರೆ ತಪ್ಪಿಸಿಕೊಳ್ಳಲಾಗದ, ಬಿಡದೆ ಮುಂದುವರಿಯುವ ಉದ್ವೇಗಕ್ಕೆ ಸಿಲುಕಿದರೆ ಆ ಅನುಕೂಲ ಉಳಿಯುವುದಿಲ್ಲ, ಅವರ ದೇಹ ಚೇತರಿಸಿಕೊಳ್ಳುವುದೂ ನಿಧಾನ. 2018ರಲ್ಲಿ ಕಾರ್ಸ್ಟೆನ್ಸನ್ ತಂಡ ಹಿರಿಯರನ್ನು ಮೊದಲು ಉದ್ರೇಕಿಸಿ ಆಮೇಲೆ ಮೋಸದ ಜಾಹೀರಾತು ತೋರಿಸಿತು. ಸಂತೋಷದ ಉದ್ರೇಕವಾಗಲಿ ಸಿಟ್ಟಿನದಾಗಲಿ, ಕೊಳ್ಳುವ ಮನಸ್ಸು ಹೆಚ್ಚಿತು. ಇದರ ಪಕ್ಕದಲ್ಲಿ ಮ್ಯಾಥರ್ ಮತ್ತು ನೈಟ್ ಪ್ರಯೋಗವನ್ನು ಇಟ್ಟು ನೋಡಿ. ಹಿರಿಯರ ಬಲ ನಿಂತಿರುವುದು ವ್ಯವಧಾನದ ಮೇಲೆ. ವಂಚಕ ಮೊದಲು ಕಸಿಯುವುದು ಅದನ್ನೇ. ಹಣ ಕಸಿಯುವುದು ಆಮೇಲೆ. 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಈ ದಂಧೆಯ ಬಗ್ಗೆ ಎಚ್ಚರಿಸುತ್ತಾ ಕೊಟ್ಟ ಮೊದಲ ಸಲಹೆಯೂ 'ನಿಲ್ಲಿ' ಎಂಬುದೇ ಆಗಿತ್ತು. ಆದರೆ ದಿಗಿಲುಬಿದ್ದವರು ತಾವಾಗಿ ನಿಲ್ಲುವುದು ಕಷ್ಟ. ನಿಲ್ಲಿಸುವ ಏರ್ಪಾಟು ಹೊರಗಿನಿಂದ ಬರಬೇಕು.

ಅಂಥ ಏರ್ಪಾಟಿಗೆ ಹೋಗುವ ಮುಂಚೆ ಯಂತ್ರದ ಮಿತಿಯನ್ನು ಹೇಳಿಬಿಡಬೇಕು. ಈ ಅಧ್ಯಯನಗಳಲ್ಲಿ ಬಳಸುವ ಎಫ್‌ಎಂಆರ್‌ಐ ಯೋಚನೆಯನ್ನು ಅಳೆಯುವುದಿಲ್ಲ. ನರಕೋಶಗಳು ದುಡಿದ ಕಡೆಗೆ ಕೆಲವು ಸೆಕೆಂಡು ತಡವಾಗಿ ಹರಿದುಬರುವ ಆಮ್ಲಜನಕಭರಿತ ರಕ್ತವನ್ನು ಅದು ಅಳೆಯುತ್ತದೆ. ಮನೆಯ ಹೊರಗಿನ ಕರೆಂಟ್ ಮೀಟರ್ ನೋಡಿ ಒಳಗೆ ಏನು ನಡೆಯುತ್ತಿದೆ ಎಂದು ಊಹಿಸಿದ ಹಾಗೆ. ಹಿರಿಯರ ವಿಷಯದಲ್ಲಿ ಮೀಟರೇ ಬದಲಾಗಿರುತ್ತದೆ. ರಕ್ತನಾಳಗಳು ಪೆಡಸಾಗಿರುತ್ತವೆ, ಬಿಪಿ ಮಾತ್ರೆ ಸಕ್ಕರೆ ಮಾತ್ರೆ ನಡೆಯುತ್ತಿರುತ್ತದೆ. ಸ್ಪಂದನ ಕಡಿಮೆ ಕಂಡರೆ ಅದು ನರಕೋಶದ್ದೋ ನಾಳದ್ದೋ ಎಂದು ಬೇರ್ಪಡಿಸಲು ವಿಶೇಷ ಶ್ರಮ ಬೇಕು, ಎಲ್ಲ ಅಧ್ಯಯನಗಳೂ ಆ ಶ್ರಮ ಪಟ್ಟಿಲ್ಲ. ಜೊತೆಗೆ ಸಂಖ್ಯೆಯ ಬಡತನ. 13 ಜನರನ್ನು 13 ಜನರ ಜೊತೆ ಹೋಲಿಸಿದ ಫಲಿತಾಂಶ ಸುಳಿವು ಕೊಡಬಲ್ಲದು, ತೀರ್ಪು ಕೊಡಲಾರದು. ಮಿದುಳಿನ ರಚನೆಗೂ ನಡವಳಿಕೆಗೂ ನಂಟು ಕಟ್ಟಲು ಸಾವಿರಾರು ಜನ ಬೇಕು ಎಂದು 'ನೇಚರ್' ಪತ್ರಿಕೆಯ 2022ರ ವಿಶ್ಲೇಷಣೆ ತೋರಿಸಿತು. ಅದಕ್ಕೂ ಎರಡು ವರ್ಷ ಮುಂಚೆ ಪ್ರಕಟವಾದ ಅಧ್ಯಯನದಲ್ಲಿ, ಜೂಜಿನ ತೀರ್ಮಾನದ ಒಂದೇ ಸ್ಕ್ಯಾನ್ ದತ್ತಾಂಶವನ್ನು 70 ತಂಡಗಳಿಗೆ ಕೊಟ್ಟಾಗ ಹಲವು ಪ್ರಶ್ನೆಗಳಿಗೆ ಅವು ಬೇರೆ ಬೇರೆ ಉತ್ತರ ಕೊಟ್ಟಿದ್ದವು. ಇನ್ನೊಂದು ತೊಡಕು: ಈ ಅಧ್ಯಯನಗಳಲ್ಲಿ ಹೆಚ್ಚಿನವು ಇಂದಿನ ಇಪ್ಪತ್ತರವರನ್ನು ಇಂದಿನ ಎಪ್ಪತ್ತರವರ ಜೊತೆ ಹೋಲಿಸುತ್ತವೆ. ಒಬ್ಬರೇ ವ್ಯಕ್ತಿ ಹೇಗೆ ಬದಲಾದರು ಎಂದು ಹೇಳಬಲ್ಲವು ಕೆಲವೇ. ವ್ಯತ್ಯಾಸ ವಯಸ್ಸಿನಿಂದ ಬಂತೋ, ಎರಡು ತಲೆಮಾರುಗಳು ಬೆಳೆದ ಕಾಲದಿಂದ ಬಂತೋ?

ಹಾಗಾಗಿ ಇನ್ಸುಲಾದ ಕಥೆಯನ್ನು ನಾನು ಬಲವಾದ ಅನುಮಾನ ಎಂದು ಮಾತ್ರ ಒಪ್ಪುತ್ತೇನೆ. ಅದರ ಮೇಲೆ ಸ್ಕ್ಯಾನ್ ಮಾಡಿ ಯಾರು ಮೋಸಹೋಗುತ್ತಾರೆ ಎಂದು ಮುಂಗಾಣುವ ಮಾತು ಆಡುವುದು ಈಗ ತಪ್ಪು. ಹಿರಿಯರ ಕೈಯಿಂದ ಚೆಕ್‌ಬುಕ್ ಕಿತ್ತುಕೊಳ್ಳಲು ಸ್ಕ್ಯಾನ್ ಒಂದು ನೆಪವಾಗುವುದಂತೂ ಇನ್ನೂ ದೊಡ್ಡ ತಪ್ಪು. ಗಟ್ಟಿಯಾಗಿ ನಿಂತಿರುವುದು ನಡವಳಿಕೆಯ ಸಾಕ್ಷ್ಯ, ವ್ಯವಧಾನವಿದ್ದರೆ ಹಿರಿಯರ ತೀರ್ಮಾನ ಚೆನ್ನಾಗಿರುತ್ತದೆ ಎಂಬುದು. ನಿಯಮ ಮಾಡಲು ಅಷ್ಟೇ ಸಾಕು. ಅಮೆರಿಕದಲ್ಲಿ 2018ರಿಂದ, 65 ದಾಟಿದ ಗ್ರಾಹಕರ ಹಣ ವಂಚಕರ ಪಾಲಾಗುತ್ತಿದೆ ಎಂಬ ಸಕಾರಣ ಶಂಕೆ ಬಂದರೆ ಶೇರು ದಲ್ಲಾಳಿ ಸಂಸ್ಥೆಗಳು ಪಾವತಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯಬಹುದು. ಗ್ರಾಹಕರು ಮೊದಲೇ ಹೆಸರಿಸಿದ ನಂಬಿಕಸ್ತರೊಬ್ಬರಿಗೆ ಕರೆ ಮಾಡಬಹುದು. ಸಿಂಗಪುರ 2022ರಲ್ಲಿ, ಬ್ಯಾಂಕ್ ವ್ಯವಹಾರವನ್ನು ಫೋನಿನಲ್ಲಿ ದೃಢಪಡಿಸುವ ಹೊಸ ಡಿಜಿಟಲ್ ಟೋಕನ್ ಚಾಲೂ ಆಗಲು ಕನಿಷ್ಠ 12 ಗಂಟೆ ಕಾಯಬೇಕೆಂದು ಮಾಡಿತು. ನಮ್ಮಲ್ಲೂ ಹಲವು ಬ್ಯಾಂಕುಗಳು ಹೊಸ ಖಾತೆಯೊಂದನ್ನು ಸೇರಿಸಿದ ಮೇಲೆ ದೊಡ್ಡ ಮೊತ್ತ ಕಳಿಸಲು ಒಂದಷ್ಟು ಹೊತ್ತು ಕಾಯಿಸುತ್ತವೆ. ಹಿರಿಯರು ಬಯಸಿದರೆ ಆ ಕಾಯುವಿಕೆಯನ್ನು ಒಂದು ದಿನಕ್ಕೆ, ಎರಡು ದಿನಕ್ಕೆ ಹೆಚ್ಚಿಸಿಕೊಳ್ಳುವ ಸೌಲಭ್ಯ ಎಲ್ಲ ಬ್ಯಾಂಕುಗಳಲ್ಲೂ ಇರಬೇಕು. ಎಟಿಎಂ ಕಾರ್ಡ್ ಮಿತಿ ಹಾಕಿಕೊಳ್ಳುವಷ್ಟು ಸುಲಭವಾಗಿ, ಯಾರ ಅನುಮತಿಯೂ ಇಲ್ಲದೆ, ಅವರೇ ಹಾಕಿಕೊಳ್ಳುವಂತಿರಬೇಕು.

ಇನ್ನು ನಮ್ಮದೇ ಜನರ ಮಿದುಳಿನ ಮಾತು. ಮೇಲೆ ಹೇಳಿದ ಹ್ಯಾಂಬರ್ಗ್, ಸ್ಟ್ಯಾನ್‌ಫರ್ಡ್, ಅಯೋವಾ, ಷಿಕಾಗೋಗಳ ಹಿರಿಯರಲ್ಲಿ ಬಹುಪಾಲು ಓದುಬರಹ ಬಲ್ಲ, ತಮ್ಮ ಖಾತೆಯನ್ನು ತಾವೇ ನೋಡಿಕೊಳ್ಳುವ ಜನ. ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು ಮಂದಿಗೆ ಮರೆವಿನ ಕಾಯಿಲೆ ಇದೆಯೆಂದು, ಅಂದರೆ ಸುಮಾರು 88 ಲಕ್ಷ ಮಂದಿಗೆ, 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೊಂದು ಅಂದಾಜಿಸಿದೆ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಹಣದ ತೀರ್ಮಾನವನ್ನು ಒಬ್ಬರೇ ಕುಳಿತು ಮಾಡುವವರಲ್ಲ. ಮಗನನ್ನು, ಅಳಿಯನನ್ನು, ಊರಿನ ಮೇಷ್ಟರನ್ನು ಕೇಳಿ ಮಾಡುವವರು. ಕೇಳುವ ಜನ ಹತ್ತಿರವಿದ್ದರೆ ಅದು ಕಾವಲು. ಕೇಳಿಸಿಕೊಳ್ಳುವವನೇ ಮೋಸ ಮಾಡಿದರೆ ಯಾವ ಟೋಕನ್ನೂ ತಡೆಯದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿರುವ ದೀರ್ಘಾವಧಿ ಅಧ್ಯಯನ ಅದಕ್ಕಾಗಿಯೇ ನನಗೆ ಬಹಳ ಮುಖ್ಯವೆನಿಸುತ್ತದೆ. 45 ದಾಟಿದ 10,000 ಹಳ್ಳಿಗರನ್ನು ವರ್ಷಗಳ ಕಾಲ ಹಿಂಬಾಲಿಸುವ ಗುರಿ ಅದರದು. ರಕ್ತಪರೀಕ್ಷೆ, ನೆನಪಿನ ಪರೀಕ್ಷೆಗಳ ಜೊತೆ ಎಂಆರ್‌ಐ ಕೂಡ ಅದರಲ್ಲಿದೆ. ಒಬ್ಬರೇ ವ್ಯಕ್ತಿ ಹೇಗೆ ಬದಲಾಗುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಇಂಥ ಕಡೆಯಿಂದ.

ಅಂಥ ಅಧ್ಯಯನಗಳಲ್ಲಿ ಬಾಯ್ಲ್ ತಂಡದ ಐದು ಹೇಳಿಕೆಗಳಿಗೆ ಸಾಟಿಯಾದ ಕನ್ನಡದ ಹೇಳಿಕೆಗಳಿಗೂ ಜಾಗವಿರಬೇಕು, ಖರ್ಚು ಕೆಲವು ನಿಮಿಷ ಮಾತ್ರ. ಅವು ಅಮೆರಿಕದ ಫೋನ್ ಮಾರಾಟಗಾರರನ್ನು ಬಿಟ್ಟು ಇಲ್ಲಿನ ಬದುಕಿನಿಂದ ಬರಬೇಕು. ಮೊಬೈಲಿಗೆ ಬಂದ ಓಟಿಪಿಯನ್ನು ಕೇಳಿದವರಿಗೆ ಹೇಳುತ್ತೀರಾ? ಪೆನ್ಷನ್ ಹಣ ತೆಗೆಯುವಾಗ ಪಿನ್ ನಂಬರ್ ಒತ್ತುವವರು ಯಾರು? ಹೆಬ್ಬೆಟ್ಟು ಹಾಕುವ ಮುಂಚೆ ಆ ಕಾಗದವನ್ನು ಯಾರ ಕೈಲಿ ಓದಿಸುತ್ತೀರಿ? ಓದಿದ್ದು ಅರ್ಥವಾಗದಿದ್ದರೆ, ನಾಳೆ ಬರುತ್ತೇನೆ ಎಂದು ಎದ್ದು ಬರುತ್ತೀರಾ?